ಹೊಸಬರಿಗೆ ಯಾವ ಲಿನಕ್ಸ್ ಸುಲಭ? ಕೊಡಗಿನ ಮನೆ, ತೋಟ, ಹೋಮ್‌ಸ್ಟೇಗಳ ಅಗತ್ಯ ನೋಡಿ ಮಾಡಿದ ಹೋಲಿಕೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. 2017ಕ್ಕಿಂತ ಮೊದಲು ಕೊಂಡ ಯಂತ್ರಗಳಲ್ಲಿ ಬಹುಪಾಲು ಈ ಷರತ್ತನ್ನು ದಾಟಲಾರವು. ಕೊಡಗಿನ ತೋಟದ ಕಚೇರಿಗಳಲ್ಲಿ, ಹೋಮ್‌ಸ್ಟೇಗಳ ಮೇಜಿನ ಮೇಲೆ, ಮಕ್ಕಳು ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲೇ ಉಳಿದ ಲ್ಯಾಪ್‌ಟಾಪ್‌ಗಳಲ್ಲಿ ಇಂಥವು ಸಾಕಷ್ಟಿವೆ. ಯಂತ್ರ ಚೆನ್ನಾಗಿಯೇ ಇದೆ, ಎಸೆಯಲು ಮನಸ್ಸಿಲ್ಲ, ಹೊಸದಕ್ಕೆ ಹಣ ಹಾಕುವ ತುರ್ತೂ ಇಲ್ಲ. ಹೀಗಾಗಿ ‘ಲಿನಕ್ಸ್ ಹಾಕಿದರೆ ಆಗುತ್ತದಂತೆ, ಯಾವುದು ಸುಲಭ?’ ಎಂಬ ಪ್ರಶ್ನೆ ಕುಶಾಲನಗರ, ವಿರಾಜಪೇಟೆ, ಮಡಿಕೇರಿಯ ರಿಪೇರಿ ಅಂಗಡಿಗಳ ಮುಂದೆ ಈಗ ಕೇಳಿಬರುತ್ತಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ ನಾಲ್ಕಾರು ಪರದೆಗಳ ಚಿತ್ರ ಮತ್ತು ಯಾವುದು ನೋಡಲು ವಿಂಡೋಸ್‌ನಂತಿದೆ ಎಂಬ ಮಾತು. ಮೊದಲ ದಿನದ ಮಟ್ಟಿಗೆ ಇಂದಿನ ಪ್ರಮುಖ ಲಿನಕ್ಸ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಹದದಲ್ಲಿವೆ. ಪೆನ್‌ಡ್ರೈವ್ ಹಾಕಿ, ಭಾಷೆ, ಸಮಯವಲಯ, ಹೆಸರು, ಪಾಸ್‌ವರ್ಡ್ ಕೊಟ್ಟರೆ ಅರ್ಧ ಗಂಟೆಯೊಳಗೆ ಯಾವುದಾದರೂ ಕುಳಿತುಕೊಳ್ಳುತ್ತದೆ. ಫೈರ್‌ಫಾಕ್ಸ್ ಎಲ್ಲದರಲ್ಲೂ ಫೈರ್‌ಫಾಕ್ಸೇ. ವ್ಯತ್ಯಾಸ ಗೊತ್ತಾಗುವುದು ಮೂರನೇ ತಿಂಗಳಲ್ಲಿ: ಅಪ್‌ಡೇಟ್ ಬಂದು ಏನೋ ಬದಲಾದಾಗ, ಪ್ರಿಂಟರ್ ಮುಷ್ಕರ ಹೂಡಿದಾಗ, ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ಮತ್ತೆ ತೆರೆದಾಗ, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದಾಗ. ಸುಲಭ ಎಂಬುದನ್ನು ಅಲ್ಲಿ ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಈ ಹೋಲಿಕೆಯೂ ಅದೇ ಅಳತೆಗೋಲಿನದು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಲಿನಕ್ಸ್ ಎಂಬುದು ಖಚಿತವಾಗಿ ಹೇಳುವುದಾದರೆ ಕರ್ನೆಲ್‌ನ ಹೆಸರು. ಪ್ರೊಸೆಸರ್, ಮೆಮೊರಿ, ಡಿಸ್ಕ್, ವೈಫೈ ಮೊದಲಾದ ಯಂತ್ರಭಾಗಗಳನ್ನು ಆಳುವ ತಿರುಳು ಅದು. ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದರು. ಕರ್ನೆಲ್ ಒಂದೇ ಇದ್ದರೆ ಪತ್ರ ಬರೆಯಲಾಗುವುದಿಲ್ಲ, ಫೋಟೊ ನೋಡಲಾಗುವುದಿಲ್ಲ. ಅದರ ಮೇಲೆ ಪರದೆ, ಮೆನು, ಫೈಲ್‌ಗಳ ಕಿಟಕಿ, ಸಾಫ್ಟ್‌ವೇರ್ ಸೇರಿಸುವ ತೆಗೆಯುವ ವ್ಯವಸ್ಥೆ, ಅಕ್ಷರಗಳು, ಯಂತ್ರಭಾಗಗಳನ್ನು ನಡೆಸುವ ಡ್ರೈವರ್‌ಗಳು ಇವನ್ನೆಲ್ಲ ಆಯ್ದು, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಡುವುದಕ್ಕೆ ವಿತರಣೆ ಎನ್ನುತ್ತಾರೆ. ಬಳಸುವವರ ಬಾಯಲ್ಲಿ ಅದು ಡಿಸ್ಟ್ರೋ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಇವೆಲ್ಲ ವಿತರಣೆಗಳು.

ಎರಡು ವಿತರಣೆಗಳನ್ನು ಹೋಲಿಸುವಾಗ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಯಾವುದು, ತಳದಲ್ಲಿರುವ ಸಾಫ್ಟ್‌ವೇರ್ ಸಂಗ್ರಹ ಯಾರದು, ಅಪ್‌ಡೇಟ್‌ಗಳು ಎಷ್ಟು ಬಾರಿ, ಎಷ್ಟು ವರ್ಷ ಬರುತ್ತವೆ. ಜನ ಜಗಳವಾಡುವುದು ಮೊದಲನೆಯದರ ಬಗ್ಗೆ. ಬದುಕನ್ನು ಸುಲಭವೋ ಕಷ್ಟವೋ ಮಾಡುವುದು ಮೂರನೆಯದು.

ಡೆಸ್ಕ್‌ಟಾಪ್‌ನ ಮಾತು ಮೊದಲು ಮುಗಿಸೋಣ. ಉಬುಂಟು ಮತ್ತು ಫೆಡೋರಾದ ಮುಖ್ಯ ಆವೃತ್ತಿಗಳಲ್ಲಿ ಬರುವುದು ಗ್ನೋಮ್. ಫೆಡೋರಾದಲ್ಲಿರುವ ಶುದ್ಧ ಗ್ನೋಮ್‌ನಲ್ಲಿ ಕೆಳಗಿನ ಪಟ್ಟಿ ಇಲ್ಲ, ಕಿಟಕಿಯನ್ನು ಕೆಳಗಿಳಿಸುವ ಗುಂಡಿ ಇಲ್ಲ, ಡೆಸ್ಕ್‌ಟಾಪ್ ಮೇಲೆ ಫೈಲ್ ಇಡಲು ಜಾಗವೂ ಇಲ್ಲ. ವಿಂಡೋಸ್ ಗುಂಡಿ ಒತ್ತಿ, ಬೇಕಾದುದರ ಹೆಸರು ಟೈಪ್ ಮಾಡಿ ಮುಂದುವರಿಯುವುದು ಅದರ ರೀತಿ. ಕಂಪ್ಯೂಟರನ್ನೇ ಹೊಸದಾಗಿ ಕಲಿಯುವ ಮಕ್ಕಳಿಗೆ ಇದು ಬೇಗ ಒಗ್ಗುತ್ತದೆ, ಆದರೆ ವಿಂಡೋಸ್ ಎಕ್ಸ್‌ಪಿಯಿಂದ ಶುರುಮಾಡಿ ಹದಿನೈದಿಪ್ಪತ್ತು ವರ್ಷ ಎಡಗಡೆಯ ಕೆಳಮೂಲೆಗೇ ಮೌಸ್ ಒಯ್ದು ರೂಢಿಯಾದ ಕೈಗೆ ಕಿರಿಕಿರಿಯಾಗುತ್ತದೆ. ಉಬುಂಟು ಎಡಬದಿಗೆ ಒಂದು ಡಾಕ್ ಇಟ್ಟು, ಗುಂಡಿಗಳನ್ನು ಮರಳಿಸಿ, ಈ ಕಿರಿಕಿರಿಯನ್ನು ಅರ್ಧ ಕಡಿಮೆ ಮಾಡಿದೆ. ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಮೆನು ಕೆಳಗಿನ ಎಡಮೂಲೆಯಲ್ಲಿ, ಗಡಿಯಾರ ಬಲಮೂಲೆಯಲ್ಲಿ, ತೆರೆದ ಕಿಟಕಿಗಳು ನಡುವಿನ ಪಟ್ಟಿಯಲ್ಲಿ. ಹೊಸದಾಗಿ ಹೇಳಿಕೊಡಬೇಕಾದದ್ದು ಕಡಿಮೆ. ಕೆಡಿಇ ಪ್ಲಾಸ್ಮಾ ಕೂಡ ಇದೇ ವಿನ್ಯಾಸದ್ದು, ನೋಡಲು ಇನ್ನೂ ಸೊಗಸು. ಅದರ ಸೆಟ್ಟಿಂಗ್ಸ್ ಮಾತ್ರ ಹೊಕ್ಕರೆ ಹೊರಬರಲಾಗದಷ್ಟು ದೊಡ್ಡದು. ಹಳೆಯ, ನಿಧಾನ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್‌ಗಳಿವೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಯಂತ್ರ ನಿಧಾನವಾಗಿದೆ ಎಂಬ ಕಾರಣಕ್ಕೆ ಹಗುರ ಡೆಸ್ಕ್‌ಟಾಪ್ ಹುಡುಕುವವರು, ಅದರಲ್ಲಿ ಇನ್ನೂ ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದು. ಸಿನಮನ್ ಬಿಟ್ಟು ಎಕ್ಸ್‌ಎಫ್‌ಸಿಇಗೆ ಹೋದರೆ ಉಳಿಯುವುದು ಕೆಲವು ನೂರು ಎಂಬಿ ಮೆಮೊರಿ. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಆ ಉಳಿತಾಯ ಕರಗಿಹೋಗುತ್ತದೆ. ಮಿಂಟ್ ತನಗೆ ಕನಿಷ್ಠ 2 ಜಿಬಿ ಮೆಮೊರಿ ಬೇಕು, ನೆಮ್ಮದಿಯ ಬಳಕೆಗೆ 4 ಜಿಬಿ ಬೇಕು ಎನ್ನುತ್ತದೆ. ಇಂದಿನ ಜಾಲತಾಣಗಳನ್ನು ನೋಡಿದರೆ 4 ಜಿಬಿಯನ್ನೇ ಕನಿಷ್ಠವೆಂದು ತಿಳಿಯುವುದು ಕ್ಷೇಮ.

ಇನ್ನು ಅಪ್‌ಡೇಟ್‌ಗಳು. ವಿತರಣೆಗಳ ಗುಣ ಬೇರೆಯಾಗುವುದು ಇಲ್ಲಿ.

ಒಂದು ತುದಿಯಲ್ಲಿ ಡೆಬಿಯನ್ ಇದೆ. 1993ರಲ್ಲಿ ಶುರುವಾದ ಇದು ಸುಮಾರು ಎರಡು ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿಯನ್ನು ಹೊರತರುತ್ತದೆ. ಅದಾದ ಮೇಲೆ ಬರುವುದೆಲ್ಲ ಭದ್ರತೆಯ ಮತ್ತು ದೋಷ ಸರಿಪಡಿಸುವ ಅಪ್‌ಡೇಟ್‌ಗಳೇ. ಬ್ರೌಸರ್ ಒಂದನ್ನು ಬಿಟ್ಟರೆ ಇಂದು ಇದ್ದ ಕಾರ್ಯಕ್ರಮಗಳು ಎರಡು ವರ್ಷದ ಮೇಲೂ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಇನ್ನೊಂದು ತುದಿಯಲ್ಲಿ ಆರ್ಚ್ ಇದೆ. ಅದಕ್ಕೆ ಆವೃತ್ತಿ ಎಂಬುದೇ ಇಲ್ಲ. ಹೊಸದು ಬಂದ ಕೂಡಲೇ ಸೇರುತ್ತ ಹೋಗುತ್ತದೆ. ನಿತ್ಯ ಬಳಸಿ, ವಾರಕ್ಕೊಮ್ಮೆ ಅಪ್‌ಡೇಟ್ ಮಾಡಿ, ಬದಲಾವಣೆಗಳ ಸುದ್ದಿ ಓದುವವರಿಗೆ ಅದು ಹಬ್ಬ. ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಕೂಲಿಯ ಲೆಕ್ಕಕ್ಕಾಗಿ ತೆರೆಯುವ, ಉಳಿದ ಕಾಲ ಪ್ಲಾಸ್ಟಿಕ್ ಹೊದಿಕೆಯಡಿ ಮಲಗಿರುವ ತೋಟದ ಕಂಪ್ಯೂಟರಿನಲ್ಲಿ ಅದನ್ನು ಹಾಕಿದರೆ, ಏಪ್ರಿಲ್‌ನಲ್ಲಿ ಮುಚ್ಚಿದ್ದನ್ನು ನವೆಂಬರ್‌ನಲ್ಲಿ ತೆರೆದಾಗ ಗಿಗಾಬೈಟ್‌ಗಟ್ಟಲೆ ಅಪ್‌ಡೇಟ್ ಕಾದಿರುತ್ತದೆ. ಅಷ್ಟರಲ್ಲಿ ಸಾಫ್ಟ್‌ವೇರ್ ಕಟ್ಟುಗಳ ಸಹಿ ಪರಿಶೀಲಿಸುವ ಕೀಲಿಗಳು ಹಳತಾಗಿದ್ದರೆ ಆ ಅಪ್‌ಡೇಟ್ ಕೂಡ ನಡುದಾರಿಯಲ್ಲಿ ನಿರಾಕರಿಸಲ್ಪಡುತ್ತದೆ. ಸರಿಪಡಿಸುವ ದಾರಿ ಇದೆ, ಅದು ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನ ಕಪ್ಪು ಕಿಟಕಿಯಲ್ಲಿದೆ. ತೋಟದ ರೈಟರ್ ಬಟವಾಡೆಯ ದಿನ ಆ ಕಿಟಕಿಯ ಮುಂದೆ ಕೂರಬೇಕಾದ ಪರಿಸ್ಥಿತಿ ಬರಬಾರದು. ಮಂಜಾರೊ ಎಂಬ ವಿತರಣೆ ಆರ್ಚ್‌ಗೆ ಸುಂದರವಾದ ಮುಖ ಕೊಟ್ಟಿದೆಯಾದರೂ ನಿರಂತರ ಬದಲಾವಣೆಯ ಸ್ವಭಾವವನ್ನು ಅದೂ ಉಳಿಸಿಕೊಂಡಿದೆ.

ಫೆಡೋರಾ ಇವೆರಡರ ನಡುವೆ ಬರುತ್ತದೆ. ರೆಡ್‌ಹ್ಯಾಟ್ ಕಂಪನಿಯ ಆಸರೆಯಲ್ಲಿ 2003ರಿಂದ ನಡೆದುಬಂದಿರುವ ಈ ವಿತರಣೆಯ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ. ಪ್ರತಿಯೊಂದಕ್ಕೂ ಬೆಂಬಲ ಸುಮಾರು 13 ತಿಂಗಳು. ಅಂದರೆ ವರ್ಷಕ್ಕೆ ಒಮ್ಮೆಯಾದರೂ ದೊಡ್ಡ ಬದಲಾವಣೆಗೆ ಒಪ್ಪಿಕೊಳ್ಳಲೇಬೇಕು. ಹೊಸ ಲ್ಯಾಪ್‌ಟಾಪ್‌ಗಳಿಗೆ ಇದು ಅನುಕೂಲ, ಏಕೆಂದರೆ ಕರ್ನೆಲ್ ಸದಾ ಹೊಸದಾಗಿರುವುದರಿಂದ ಹೊಸ ವೈಫೈ, ಹೊಸ ಗ್ರಾಫಿಕ್ಸ್ ಬೇಗ ಗುರುತಿಸಲ್ಪಡುತ್ತವೆ. ಹೊಸಬರು ಎಡವುವುದು ಬೇರೆ ಕಡೆ. ಪೇಟೆಂಟ್ ತಕರಾರಿರುವ ಕೆಲವು ವಿಡಿಯೊ ಕೊಡೆಕ್‌ಗಳನ್ನು, ಅಂದರೆ ವಿಡಿಯೊ ಫೈಲನ್ನು ಬಿಚ್ಚಿ ತೋರಿಸುವ ಸಾಫ್ಟ್‌ವೇರ್ ತುಣುಕುಗಳನ್ನು, ಫೆಡೋರಾ ತಾನಾಗಿ ಕೊಡುವುದಿಲ್ಲ. ಹೋಮ್‌ಸ್ಟೇಯವರು ಡ್ರೋನ್‌ನಲ್ಲಿ ತೆಗೆಸಿದ ತೋಟದ ವಿಡಿಯೊ ಹಾಕಿದರೆ ಧ್ವನಿ ಬಂದು ಚಿತ್ರ ಬಾರದಿರಬಹುದು. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಂಗ್ರಹವನ್ನು ಸೇರಿಸಿಕೊಂಡರೆ ಎಲ್ಲ ಸರಿಹೋಗುತ್ತದೆ, ಆದರೆ ಅದನ್ನು ಸೇರಿಸಬೇಕೆಂದು ಹೊಸಬರಿಗೆ ಯಾರು ಹೇಳಬೇಕು?

ಉಬುಂಟು 2004ರ ಅಕ್ಟೋಬರ್‌ನಲ್ಲಿ ಡೆಬಿಯನ್ ಸಂಗ್ರಹದ ಮೇಲೆಯೇ ಹುಟ್ಟಿತು. ಡೆಸ್ಕ್‌ಟಾಪ್ ಲಿನಕ್ಸ್ ಜನಸಾಮಾನ್ಯರ ಕೈಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಅದರ ಡೌನ್‌ಲೋಡ್ ಪುಟದಲ್ಲಿ ಎರಡು ಆವೃತ್ತಿಗಳು ಅಕ್ಕಪಕ್ಕದಲ್ಲಿ ಕಂಡರೆ ಹೊಸದಾಗಿ ಕಾಣುವುದನ್ನು ಆರಿಸಿಕೊಳ್ಳುವುದು ಮನುಷ್ಯ ಸಹಜ. ಆದರೆ ಮನೆಗೆ ಬೇಕಾದದ್ದು ಎಲ್‌ಟಿಎಸ್ ಎಂದು ಬರೆದಿರುವುದು. ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುವ ಈ ಆವೃತ್ತಿಗೆ ಐದು ವರ್ಷ ಬೆಂಬಲವಿದೆ. ನಡುವೆ ಬರುವ ಆವೃತ್ತಿಗಳಿಗೆ ಬರೀ ಒಂಬತ್ತು ತಿಂಗಳು. ಮನೆ ಬಳಕೆಯವರು ಉಬುಂಟು ಪ್ರೋ ಎಂಬ ಯೋಜನೆಗೆ ನೋಂದಾಯಿಸಿಕೊಂಡರೆ ಐದು ಯಂತ್ರಗಳವರೆಗೆ ಉಚಿತವಾಗಿ, ಒಟ್ಟು ಹತ್ತು ವರ್ಷದವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ.

ಉಬುಂಟುವಿನ ಬಗ್ಗೆ ನನಗಿರುವ ತಕರಾರು ಸ್ನ್ಯಾಪ್‌ಗೆ ಸಂಬಂಧಿಸಿದ್ದು. ಫೈರ್‌ಫಾಕ್ಸ್ ಮೊದಲಾದವುಗಳನ್ನು ಅದು ಸ್ನ್ಯಾಪ್ ಎಂಬ ತನ್ನದೇ ಕಟ್ಟಿನ ರೂಪದಲ್ಲಿ ಕೊಡುತ್ತದೆ. ಈ ಸ್ನ್ಯಾಪ್‌ಗಳು ಹೊಸದು ಬಂದಿದೆಯೇ ಎಂದು ದಿನಕ್ಕೆ ನಾಲ್ಕು ಬಾರಿ ತಾವಾಗಿ ವಿಚಾರಿಸಿ, ಬಂದಿದ್ದರೆ ಕೇಳದೆಯೇ ಇಳಿಸಿಕೊಳ್ಳುತ್ತವೆ. ಫೈಬರ್ ಸಂಪರ್ಕವಿರುವ ಊರಿನವರಿಗೆ ಇದು ಗೊತ್ತೇ ಆಗುವುದಿಲ್ಲ. ತೋಟದ ಅಂಚಿನಲ್ಲಿ, ಎರಡು ಕಡ್ಡಿ ಸಿಗ್ನಲ್ ಸಿಗುವ ಕಿಟಕಿಯ ಬಳಿ ಮೊಬೈಲ್ ಇಟ್ಟು, ಅದರ ಹಾಟ್‌ಸ್ಪಾಟ್‌ನಿಂದ ದಿನದ ಡೇಟಾ ಅಳೆದು ಬಳಸುವವರಿಗೆ ಮಧ್ಯಾಹ್ನದ ಹೊತ್ತಿಗೆ ‘ಡೇಟಾ ಮುಗಿದಿದೆ’ ಎಂಬ ಸಂದೇಶ ಬಂದಾಗ ಗೊತ್ತಾಗುತ್ತದೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕ ಮಿತಿಯುಳ್ಳದ್ದು ಎಂದು ಗುರುತು ಹಾಕಿ, ಅಂಥ ಸಂಪರ್ಕದಲ್ಲಿ ಅಪ್‌ಡೇಟ್ ತಡೆಹಿಡಿಯುವಂತೆ ಸ್ನ್ಯಾಪ್‌ಗೆ ಹೇಳಬಹುದು; ಆದರೆ ಹೀಗೆ ಹೇಳಿಡಬೇಕಾದ ಸಂಗತಿಗಳು ಹೆಚ್ಚಿದಷ್ಟೂ ಸುಲಭ ಎಂಬ ವಿಶೇಷಣ ಸಡಿಲವಾಗುತ್ತ ಹೋಗುತ್ತದೆ. ಮಿಂಟ್ ಮೊದಲಾದ ಕಡೆ ಬಳಸುವ ಫ್ಲ್ಯಾಟ್‌ಪ್ಯಾಕ್ ಕೂಡ ಡೇಟಾ ವಿಷಯದಲ್ಲಿ ಸಾಧುವಲ್ಲ. ಸಣ್ಣ ಕಾರ್ಯಕ್ರಮವೊಂದನ್ನು ಕೇಳಿದರೂ ಮೊದಲ ಬಾರಿ ಅದರ ಬುನಾದಿಗಾಗಿ ನೂರಾರು ಎಂಬಿ ಇಳಿಸಬೇಕಾಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಕೇಳಿದರೆ ಮಾತ್ರ ಬರುತ್ತದೆ.

ಇಷ್ಟೆಲ್ಲ ತೂಗಿ ನೋಡಿದಾಗ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ನಾನು ಮೊದಲು ಹೇಳುವ ಹೆಸರು ಲಿನಕ್ಸ್ ಮಿಂಟ್. 2006ರಲ್ಲಿ ಕ್ಲೆಮೆಂಟ್ ಲೆಫೆವ್ರ್ ಆರಂಭಿಸಿದ ಈ ವಿತರಣೆ ಉಬುಂಟುವಿನ ಎಲ್‌ಟಿಎಸ್ ಆವೃತ್ತಿಯನ್ನೇ ತಳವಾಗಿ ತೆಗೆದುಕೊಳ್ಳುತ್ತದೆ, ಸ್ನ್ಯಾಪ್ ಅನ್ನು 2020ರ ಮಿಂಟ್ 20ರಿಂದ ದೂರವಿಟ್ಟಿದೆ, ಫೈರ್‌ಫಾಕ್ಸನ್ನು ಸಾಮಾನ್ಯ ಕಟ್ಟಾಗಿಯೇ ಕೊಡುತ್ತದೆ. 2024ರ ಜುಲೈನಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಕೆಳಗಿನ ಪಟ್ಟಿಯ ಬಲಬದಿಯಲ್ಲಿ ಗುರಾಣಿಯ ಆಕಾರದ ಒಂದು ಚಿಹ್ನೆ ಇರುತ್ತದೆ. ಅಪ್‌ಡೇಟ್ ಇದ್ದರೆ ಅದರ ಮೇಲೆ ಚುಕ್ಕೆ ಮೂಡುತ್ತದೆ. ಒತ್ತಿದರೆ ಏನೇನು ಬಂದಿದೆ, ಅದರ ಗಾತ್ರವೆಷ್ಟು, ಅದು ಭದ್ರತೆಯದೋ ಕರ್ನೆಲ್‌ನದೋ ಎಂಬ ಪಟ್ಟಿ ಕಾಣುತ್ತದೆ. ಒಪ್ಪಿದರೆ ಇಳಿಯುತ್ತದೆ, ಬೇಡವೆಂದರೆ ಸುಮ್ಮನಿರುತ್ತದೆ. ಕೆಲಸದ ನಡುವೆ ಯಂತ್ರ ತಾನಾಗಿ ಮುಚ್ಚಿ ತೆರೆಯುವ ಅಭ್ಯಾಸ ಅದಕ್ಕಿಲ್ಲ.

ಮಿಂಟ್ ಜೊತೆಗೇ ಬರುವ ಟೈಮ್‌ಶಿಫ್ಟ್ ಎಂಬ ಸಾಧನ ಇದಕ್ಕಿಂತ ಮುಖ್ಯವಾದದ್ದು. ಅದು ವ್ಯವಸ್ಥೆಯ ಫೈಲ್‌ಗಳ ಪ್ರತಿಯನ್ನು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ತೆಗೆದಿಡುತ್ತದೆ. ಅಪ್‌ಡೇಟ್ ನಂತರ ಧ್ವನಿ ಹೋಯಿತು, ಪರದೆ ಬರಲಿಲ್ಲ ಎಂದಾದರೆ ಹಿಂದಿನ ವಾರದ ಪ್ರತಿಗೆ ಮರಳಬಹುದು. ಯಂತ್ರ ತೆರೆಯದೇ ಇದ್ದರೂ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅಲ್ಲಿಂದಲೇ ಮರಳಿಸಬಹುದು. ಎರಡು ಎಚ್ಚರಿಕೆಗಳು ಬೇಕು. ಮೊದಲ ಬಾರಿ ಇದನ್ನು ನಾವೇ ಹೊಂದಿಸಿ ಚಾಲೂ ಮಾಡಬೇಕು. ಜೊತೆಗೆ ಸಾಮಾನ್ಯ ಹೊಂದಾಣಿಕೆಯಲ್ಲಿ ಇದು ನಮ್ಮ ಪತ್ರ, ಫೋಟೊ, ಲೆಕ್ಕದ ಫೈಲ್‌ಗಳ ಪ್ರತಿ ತೆಗೆಯುವುದಿಲ್ಲ. ಅವಕ್ಕೆ ಬೇರೆ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಲೇಬೇಕು.

ಜೋರಿನ್ ಓಎಸ್ ಬಗ್ಗೆ ಕೇಳುವವರು ಈಗ ಹೆಚ್ಚಾಗಿದ್ದಾರೆ. ಐರ್ಲೆಂಡಿನ ಈ ವಿತರಣೆಯ 18ನೇ ಆವೃತ್ತಿ ಹೊರಬಂದದ್ದೇ ವಿಂಡೋಸ್ 10ರ ಬೆಂಬಲ ಮುಗಿದ ದಿನ. ಅದು ಯಾರನ್ನು ಕರೆಯುತ್ತಿದೆ ಎಂಬುದು ಬೇರೆ ಹೇಳಬೇಕಿಲ್ಲ. ಪರದೆಯ ವಿನ್ಯಾಸವನ್ನು ಒಂದೆರಡು ಗುಂಡಿಗಳಲ್ಲಿ ವಿಂಡೋಸ್‌ನಂತೆಯೋ ಇನ್ನೊಂದರಂತೆಯೋ ಬದಲಿಸಬಹುದು, ವಿಂಡೋಸ್‌ನ ಇನ್‌ಸ್ಟಾಲ್ ಫೈಲನ್ನು ತೆರೆಯಲು ಹೋದರೆ ‘ಇದಕ್ಕೆ ಬದಲು ಇಂಥದ್ದು ಇದೆ’ ಎಂದು ಸೂಚಿಸುತ್ತದೆ. ತಳ ಮತ್ತೆ ಉಬುಂಟುವಿನದೇ. ಕೆಲವು ವಿನ್ಯಾಸಗಳು ಹಣ ಕೊಟ್ಟು ಕೊಳ್ಳುವ ಪ್ರೋ ಆವೃತ್ತಿಯಲ್ಲಿವೆ, ಆದರೆ ಉಚಿತವಾದ ಕೋರ್ ಆವೃತ್ತಿಯೇ ಮನೆಗೆ ಧಾರಾಳ. ಅಂಗಡಿಯವರು ಗ್ರಾಹಕರನ್ನು ಒಪ್ಪಿಸಲು ಜೋರಿನ್ ಒಳ್ಳೆಯದು. ಸಹಾಯಕ್ಕಾಗಿ ಹುಡುಕಿದಾಗ ಮಿಂಟ್‌ಗೆ ಸಿಗುವಷ್ಟು ಉತ್ತರ ಅದಕ್ಕೆ ಸಿಗುವುದಿಲ್ಲ.

ತೀರ ಹಳೆಯ ಯಂತ್ರಗಳಿಗೆ ಎಂಎಕ್ಸ್ ಲಿನಕ್ಸ್ ಇದೆ. ಡೆಬಿಯನ್ ತಳದ ಮೇಲೆ ಎಕ್ಸ್‌ಎಫ್‌ಸಿಇ ಹಾಕಿ, ಜೊತೆಗೆ ಸಣ್ಣಪುಟ್ಟ ಉಪಯುಕ್ತ ಸಾಧನಗಳನ್ನು ಸೇರಿಸಿದ್ದಾರೆ. 32 ಬಿಟ್ ಪ್ರೊಸೆಸರ್‌ನ ಯಂತ್ರಗಳ ಕಾಲ ಮಾತ್ರ ಮುಗಿಯುತ್ತ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

ಕೊಡಗಿನಲ್ಲಿ ವಿತರಣೆಯನ್ನು ಆರಿಸುವವರು ಕರೆಂಟಿನ ಲೆಕ್ಕ ಹಾಕದೆ ಆರಿಸಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ ಮಳೆಯಲ್ಲಿ, ಸಿಲ್ವರ್ ಓಕೋ ಇನ್ನೊಂದೋ ತಂತಿಯ ಮೇಲೆ ಮಲಗಿತೆಂದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಅಥವಾ ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಹಠಾತ್ತನೆ ಆರಿದರೆ ಏನಾಗುತ್ತದೆ? ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಆದ್ದರಿಂದ ಮತ್ತೆ ತೆರೆದಾಗ ಅರ್ಧಕ್ಕೆ ನಿಂತದ್ದನ್ನು ಅದು ಬಹುಪಾಲು ತಾನೇ ಸರಿಪಡಿಸಿಕೊಳ್ಳುತ್ತದೆ. ಉಳಿಸದ ಪತ್ರ ಮಾತ್ರ ಹೋದಂತೆಯೇ. ಪತ್ರ, ಲೆಕ್ಕ ಬರೆಯಲು ಲಿನಕ್ಸ್‌ನಲ್ಲಿ ಬಳಸುವ ಲಿಬ್ರೆಆಫೀಸ್ ತಾನಾಗಿ ಉಳಿಸುವ ಅವಧಿ ಮೊದಲಿಗೆ 10 ನಿಮಿಷ ಎಂದಿರುತ್ತದೆ. ಅದನ್ನು 2 ನಿಮಿಷಕ್ಕೆ ಇಳಿಸಿಡುವುದು ನಮ್ಮ ಕಡೆಯಲ್ಲಿ ಇನ್‌ಸ್ಟಾಲ್‌ನಷ್ಟೇ ಅಗತ್ಯವಾದ ಕೆಲಸ.

ಅಪಾಯವಿರುವುದು ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಸಾಫ್ಟ್‌ವೇರ್ ಕಟ್ಟುಗಳು ಓಡುತ್ತಿರುವ ವ್ಯವಸ್ಥೆಯ ಮೇಲೆಯೇ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನಡುವೆ ನಿಂತರೆ ಕೆಲವು ಹೊಸದು, ಕೆಲವು ಹಳೆಯದು ಎಂಬ ಸ್ಥಿತಿ ಉಂಟಾಗಿ, ಮುಂದಿನ ಅಪ್‌ಡೇಟ್ ‘ಹಿಂದಿನದನ್ನು ಮೊದಲು ಮುಗಿಸು’ ಎಂದು ನಿಲ್ಲುತ್ತದೆ. ಇದಕ್ಕೆ ಮೂಲದಲ್ಲೇ ಪರಿಹಾರ ಹುಡುಕಿದವು ಫೆಡೋರಾ ಸಿಲ್ವರ್‌ಬ್ಲೂನಂತಹ ವಿತರಣೆಗಳು. ಅಲ್ಲಿ ಓಡುತ್ತಿರುವ ವ್ಯವಸ್ಥೆಯನ್ನು ಮುಟ್ಟುವುದೇ ಇಲ್ಲ. ಹೊಸ ವ್ಯವಸ್ಥೆ ಪಕ್ಕದಲ್ಲಿ ಪೂರ್ಣವಾಗಿ ಸಿದ್ಧವಾದ ಮೇಲೆ, ಮುಂದಿನ ಬಾರಿ ತೆರೆಯುವಾಗ ಅದಕ್ಕೆ ಬದಲಾಗುತ್ತದೆ. ಸಿದ್ಧವಾಗುವ ನಡುವೆ ಕರೆಂಟ್ ಹೋದರೆ ಹಳೆಯದು ಹಳೆಯದಾಗಿಯೇ ಉಳಿದಿರುತ್ತದೆ, ಹೊಸದು ಇಷ್ಟವಾಗದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನೇ ಆರಿಸಬಹುದು. ತಾತ್ವಿಕವಾಗಿ ಮಳೆನಾಡಿಗೆ ಹೇಳಿ ಮಾಡಿಸಿದ ಯೋಜನೆ ಇದು. ಹಾಗಿದ್ದೂ ಹೊಸಬರಿಗೆ ಇದನ್ನು ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ, ಏಕೆಂದರೆ ಪ್ರಿಂಟರ್ ಡ್ರೈವರ್‌ನಂತಹ ಒಂದು ಹೆಚ್ಚುವರಿ ಕಟ್ಟು ಸೇರಿಸಬೇಕಾದಾಗ ಅದರ ದಾರಿ ಉಳಿದವರ ದಾರಿಗಿಂತ ಬೇರೆ. ಓಪನ್‌ಸೂಸೆ ಮಧ್ಯದ ಮಾರ್ಗ ಹಿಡಿದಿದೆ. ಅಪ್‌ಡೇಟ್‌ಗೆ ಮೊದಲು ಮತ್ತು ನಂತರ ಅದು ಡಿಸ್ಕ್‌ನ ಸ್ಥಿತಿಯನ್ನು ತಾನಾಗಿ ಗುರುತಿಟ್ಟುಕೊಂಡು, ಬೂಟ್ ಮೆನುವಿನಿಂದ ಹಿಂದಿನದಕ್ಕೆ ಮರಳಲು ಬಿಡುತ್ತದೆ. ಮಿಂಟ್ ಬಳಸುವವರು ಟೈಮ್‌ಶಿಫ್ಟ್ ಚಾಲೂ ಇಟ್ಟು, ಆಕಾಶ ನೋಡಿ ಅಪ್‌ಡೇಟ್ ಮಾಡಿದರೆ ಸಾಕು.

ಕನ್ನಡದ ಟೈಪಿಂಗ್ ವಿಷಯಕ್ಕೆ ಬಂದರೆ, ಲಿನಕ್ಸ್ ಹಾಕಿಸಿಕೊಂಡವರು ಮತ್ತೆ ವಿಂಡೋಸ್‌ಗೆ ಓಡುವುದಕ್ಕೆ ಇದು ದೊಡ್ಡ ಕಾರಣ, ಆದರೆ ಕಾರಣವಾಗಬೇಕಾದದ್ದಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸ ಪ್ರತಿಯೊಂದು ವಿತರಣೆಯಲ್ಲೂ ಇದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಎಂದೇ ಮೂಡುತ್ತದೆ. ತೊಡಕು ಏನೆಂದರೆ ಅದು ಎರಡು ರೂಪದಲ್ಲಿದೆ. ಸೆಟ್ಟಿಂಗ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ನೇರವಾಗಿ ಸಿಗುವ ರೂಪದಲ್ಲಿ ಒಂದು ಗುಂಡಿಗೆ ಒಂದು ಅಕ್ಷರ ಎಂಬ ಲೆಕ್ಕ. ಹಿಂದೆ ಯಾವ ಅಕ್ಷರವಿತ್ತು ಎಂದು ಅದು ನೋಡುವುದಿಲ್ಲ. ಆದ್ದರಿಂದ ಸ್ವರಾಕ್ಷರ ಬೇಕೋ ಅದರ ಗುಣಿತ ಚಿಹ್ನೆ ಬೇಕೋ ಎಂಬುದನ್ನು ಅದು ತಾನಾಗಿ ತೀರ್ಮಾನಿಸಲಾರದು, ನುಡಿ ಬಳಸಿದ ಬೆರಳುಗಳಿಗೆ ಅಲ್ಲಿ ಎಡವಟ್ಟಾಗುತ್ತದೆ. ಇನ್ನೊಂದು ರೂಪ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಬರುವಂಥದ್ದು. ಸಾಫ್ಟ್‌ವೇರ್ ಸಂಗ್ರಹದಲ್ಲಿ ಐಬಸ್-ಎಂ17ಎನ್ ಎಂಬ ಕಟ್ಟನ್ನು ಹುಡುಕಿ ಹಾಕಿಕೊಂಡರೆ ಕಗಪ, ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಉಚ್ಚಾರಣೆಯಂತೆ ಟೈಪಿಸುವ ಐಟ್ರಾನ್ಸ್ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಗ್ನೋಮ್‌ನಲ್ಲಿ ಇದು ಸೆಟ್ಟಿಂಗ್ಸ್‌ನೊಳಗೇ ಬೆರೆತುಕೊಳ್ಳುತ್ತದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಮಿಂಟ್‌ನಲ್ಲಿ ಒಂದೆರಡು ಹೆಜ್ಜೆ ಹೆಚ್ಚು. ಈ ಒಂದು ವಿಷಯದಲ್ಲಿ ಉಬುಂಟು ಮತ್ತು ಫೆಡೋರಾ ಮಿಂಟ್‌ಗಿಂತ ಮುಂದಿವೆ ಎಂದು ಒಪ್ಪಬೇಕು. ಕೊಡವ ತಕ್ಕ್, ಅರೆಭಾಷೆ ಬರೆಯುವವರೂ ಕನ್ನಡ ಲಿಪಿಯನ್ನೇ ಬಳಸುವುದರಿಂದ ಅವರಿಗೂ ಇದೇ ಸಾಕು.

ಅಕ್ಷರಗಳ ಕೊರತೆ ಇಲ್ಲ. ನೋಟೋ, ಲೋಹಿತ್ ಅಲ್ಲದೆ ಡೆಬಿಯನ್ ಮತ್ತು ಉಬುಂಟು ಸಂಗ್ರಹದಲ್ಲಿ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಇವೆ. ಕಷ್ಟ ಬರುವುದು ಹಳೆಯ ಪತ್ರಗಳಲ್ಲಿ. ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ಗಳಲ್ಲಿ ಬರೆದ ಸಂಘದ ನಡಾವಳಿ, ಮದುವೆಯ ಕರೆಯೋಲೆ, ಅರ್ಜಿಗಳು ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಸದಂತೆ ತೆರೆದುಕೊಳ್ಳುತ್ತವೆ. ವಾಸ್ತವವಾಗಿ ಫೈಲ್‌ನಲ್ಲಿ ಇರುವುದೂ ಅದೇ ಅಕ್ಷರಗಳು, ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿತ್ತು. ಆ ಫಾಂಟ್ ಫೈಲನ್ನು ಹಳೆಯ ಯಂತ್ರದಿಂದ ತಂದು ಹಾಕಿದರೆ ಓದಲು ಸಾಧ್ಯವಾಗುತ್ತದೆ. ತಿದ್ದಿ ಮುಂದುವರಿಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಸರಿ.

ಮಾಕುಟ್ಟದ ಘಾಟಿ ಇಳಿದು ಕೇರಳಕ್ಕೆ ಕಾಲಿಟ್ಟರೆ ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಕಲಿಯುತ್ತಿದ್ದಾರೆ. ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ತಳವಾಗಿಟ್ಟುಕೊಂಡು ಶಾಲೆಗಳಿಗೆಂದೇ ಒಂದು ವಿತರಣೆಯನ್ನು ಸಿದ್ಧಪಡಿಸಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ನೀಡುತ್ತದೆ. ಉಬುಂಟು ಅಲ್ಲಿ ಇಲ್ಲಿಗಿಂತ ಸುಲಭವಾದ ವಸ್ತುವೇನಲ್ಲ. ಎಲ್ಲ ಕಡೆ ಒಂದೇ ಆವೃತ್ತಿ ಇದೆ, ಪಕ್ಕದ ಶಾಲೆಯವರನ್ನು ಕೇಳಿದರೂ ಉತ್ತರ ಸಿಗುತ್ತದೆ. ಇದನ್ನು ಮನೆಯ ಮಟ್ಟಕ್ಕೆ ಇಳಿಸಿ ಹೇಳುವುದಾದರೆ, ಸಹಾಯ ಮಾಡಬಲ್ಲ ಸೋದರಳಿಯನೋ ಪಕ್ಕದ ಮನೆಯವರೋ ಫೆಡೋರಾ ಬಳಸುವವರಾದರೆ ನನ್ನ ಮಿಂಟ್ ಶಿಫಾರಸನ್ನು ಪಕ್ಕಕ್ಕಿಟ್ಟು ಫೆಡೋರಾವನ್ನೇ ಹಾಕಿಸಿಕೊಳ್ಳಬಹುದು.

ಯಾವುದನ್ನು ಆರಿಸಿದರೂ ಡಿಸ್ಕ್‌ಗೆ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬೇಕು. ಮಿಂಟ್‌ನ ಫೈಲ್ ಸುಮಾರು 3 ಜಿಬಿ, ಉಬುಂಟುವಿನದು ಸುಮಾರು 6 ಜಿಬಿ. ಸಂಪರ್ಕ ಕಡಿದುಹೋಗುವ ಊರುಗಳಲ್ಲಿ ಇದನ್ನು ಟೊರೆಂಟ್ ಮೂಲಕ ಇಳಿಸುವುದು ಜಾಣತನ, ಏಕೆಂದರೆ ಅದು ನಿಂತಲ್ಲಿಂದ ಮುಂದುವರಿಯುತ್ತದೆ, ಫೈಲ್ ಕೆಟ್ಟಿಲ್ಲವೆಂಬುದನ್ನೂ ತಾನೇ ಖಚಿತಪಡಿಸಿಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದ ತೆರೆದಾಗ ವೈಫೈ, ಧ್ವನಿ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುವುದು, ಪ್ರಿಂಟರ್ ಇಷ್ಟನ್ನು ನೋಡಿಕೊಂಡರೆ ಮುಂದಿನ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದಿಲ್ಲ. ವೈಫೈ ಚಿಪ್ ಬ್ರಾಡ್‌ಕಾಮ್‌ನದೋ ಕೆಲವು ಬಗೆಯ ರಿಯಲ್‌ಟೆಕ್‌ನದೋ ಆಗಿ ಗುರುತು ಸಿಗದಿದ್ದರೆ, ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಒತ್ತಿದರೆ ಸಂಪರ್ಕ ಬರುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಅಥವಾ ಉಬುಂಟುವಿನ ಹೆಚ್ಚುವರಿ ಡ್ರೈವರ್‌ಗಳ ಕಿಟಕಿ ಬೇಕಾದದ್ದನ್ನು ತಾನೇ ಹುಡುಕಿಕೊಡುತ್ತದೆ. ಈ ಎರಡು ಕಿಟಕಿಗಳೇ ಹೊಸಬರ ಮಟ್ಟಿಗೆ ಡೆಬಿಯನ್‌ಗೂ ಇವಕ್ಕೂ ಇರುವ ಅಂತರ.

ಪ್ರಿಂಟರ್ ವಿಚಾರದಲ್ಲಿ ವಿತರಣೆಗಿಂತ ಪ್ರಿಂಟರ್‌ನ ಮಾದರಿಯೇ ಮುಖ್ಯ. ಇತ್ತೀಚಿನ ವೈಫೈ ಪ್ರಿಂಟರ್‌ಗಳು ಡ್ರೈವರ್ ಕೇಳದೆಯೇ ನಡೆಯುತ್ತವೆ. ಎಚ್‌ಪಿಯವರ ಲೇಸರ್‌ಜೆಟ್ 1020ನಂತಹ ಹಳೆಯ ಮಾದರಿಗಳು ಎಚ್‌ಪಿಲಿಪ್ ಎಂಬ ಕಟ್ಟಿನ ಜೊತೆಗೆ ಒಂದು ಪ್ಲಗಿನ್ ಇಳಿಸಿಕೊಂಡ ಮೇಲೆ ತೊಂದರೆ ಕೊಡುವುದಿಲ್ಲ. ಜೆರಾಕ್ಸ್ ಅಂಗಡಿಗಳಲ್ಲೂ ಕಚೇರಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತನಾಡುವುದರಿಂದ ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ತಾಳ್ಮೆಯ ಪರೀಕ್ಷೆ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ತೋಟಗಳು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವ ಸಹಕಾರ ಸಂಘಗಳು ವಿಂಡೋಸನ್ನು ಪೂರ್ತಿ ಬಿಡಲಾಗುವುದಿಲ್ಲ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಟೋಕನ್‌ಗಳ ಲಿನಕ್ಸ್ ಡ್ರೈವರ್‌ಗಳು ಕೆಲವಕ್ಕೆ ಇದ್ದರೂ ಜಾಲತಾಣಗಳ ಜೊತೆ ಅವು ಸರಿಯಾಗಿ ಹೊಂದುತ್ತವೆಂದು ನಂಬಿ ಕೂರಲಾಗದು. ಇಂಥವರು ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಬೇಕು. ಮಿಂಟ್, ಉಬುಂಟು, ಜೋರಿನ್ ಮೂರರಲ್ಲೂ ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಆಯ್ಕೆ ಇನ್‌ಸ್ಟಾಲ್ ವೇಳೆಯಲ್ಲೇ ಕಾಣುತ್ತದೆ. ಅದಕ್ಕೆ ಮೊದಲು ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ, ಇದ್ದರೆ ಅದರ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಬೂಟ್ ಬದಲಾದುದನ್ನು ಕಂಡ ವಿಂಡೋಸ್ ಆ ಕೀಲಿ ಕೊಡುವವರೆಗೆ ಬಾಗಿಲು ತೆರೆಯದು. ಎರಡೂ ಇರುವ ಯಂತ್ರದಲ್ಲಿ ಇನ್ನೊಂದು ವಿಚಿತ್ರ ಕಾಣಿಸುತ್ತದೆ: ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯವೆಂದೇ ಓದುತ್ತದೆ. ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯದಲ್ಲೇ ಇಡುವಂತೆ ಲಿನಕ್ಸ್‌ಗೆ ಹೇಳುವ ಒಂದು ಸಾಲಿನ ಆದೇಶವಿದೆ. ಇನ್‌ಸ್ಟಾಲ್ ಮಾಡಿಕೊಡುವ ಅಂಗಡಿಯವರಿಂದ ಅದನ್ನು ಅಂದೇ ಹಾಕಿಸಿಕೊಂಡು ಬಂದರೆ ಟ್ಯಾಲಿಯ ವೋಚರ್‌ಗಳಲ್ಲಿ ತಾರೀಕು ಹಿಂದುಮುಂದಾಗುವುದು ತಪ್ಪುತ್ತದೆ.